ಡಬ್ಬಿಯ ತಳದ ಸಣ್ಣ ಅಕ್ಷರ



ಮೀನಿನ ಡಬ್ಬಿ ಕೈಗೆತ್ತಿಕೊಂಡಾಗ ನೀವು ಮೊದಲು ನೋಡುವುದೇನು? ಬಣ್ಣದ ಚಿತ್ರ, ಆಮೇಲೆ ಬೆಲೆ. ತಳದಲ್ಲಿ ಒತ್ತಿದ ಸಣ್ಣ ಅಕ್ಷರಗಳನ್ನು ಯಾರು ನೋಡುತ್ತಾರೆ? ಆ ಅಕ್ಷರಗಳ ಕತೆ ಹೇಳುತ್ತೇನೆ, ಕೇಳಿ.

1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಾಲ್ವರು ವೃದ್ಧರು ಅಮೆರಿಕದ ಅಲಾಸ್ಕಾದಿಂದ ಬಂದ ಸಾಲ್ಮನ್ ಮೀನಿನ ಡಬ್ಬಿ ತೆರೆದು ಉಂಡರು. ಬಾಟುಲಿಸಂ ಎಂಬ ವಿಷಬಾಧೆಗೆ ಇಬ್ಬರು ಬಲಿಯಾದರು. 1982ರಲ್ಲಿ ಅಲಾಸ್ಕಾದ್ದೇ ಇನ್ನೊಂದು ಡಬ್ಬಿ ಬೆಲ್ಜಿಯಂನಲ್ಲಿ ಒಬ್ಬನನ್ನು ಕೊಂದಿತು. ಕಾರಣ? ತಗಡಿನಲ್ಲೊಂದು ಸಣ್ಣ ತೂತು! ಚಪ್ಪಟೆಯಾಗಿ ಸಾಗಿಸಿದ ಡಬ್ಬಿಗಳನ್ನು ಮತ್ತೆ ದುಂಡಗೆ ಮಾಡುವ ಯಂತ್ರದ ತಪ್ಪು ಅದು.

ಸತ್ತವನು ಪರದೇಶದವನು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೈಕಟ್ಟಿ ಕೂರಲಿಲ್ಲ. ಯಾವ ಕಾರ್ಖಾನೆ, ಯಾವ ದಿನ ಎಂದು ಡಬ್ಬಿಯ ಸಂಕೇತವೇ ಬಾಯಿಬಿಟ್ಟಿತು. 5 ಕೋಟಿಗೂ ಹೆಚ್ಚು ಡಬ್ಬಿಗಳು ಮಾರುಕಟ್ಟೆಯಿಂದ ವಾಪಸಾದವು. ಕೊಳೆತ ಆಹಾರವನ್ನು ಜಪ್ತಿ ಮಾಡುವ ಅಧಿಕಾರ ಆ ದೇಶದಲ್ಲಿ 1906ರ ಕಾಯ್ದೆಯಿಂದಲೇ ಇದೆ. ಜಪ್ತಿಯ ಮೊಕದ್ದಮೆ ಹೂಡುವುದು ಸರಕಿನ ಮೇಲೆಯೇ: ಇಷ್ಟು ಪೆಟ್ಟಿಗೆ ಮೀನಿನ ವಿರುದ್ಧ ಅಮೆರಿಕ ಸರ್ಕಾರ! ಮಾಲೀಕ ಎಷ್ಟೇ ದೊಡ್ಡವನಿರಲಿ, ಕಟಕಟೆಗೆ ಬರುವುದು ಅವನ ಮೀನು.

ಈಗ ನಮ್ಮ ಮನೆಗೆ ಬನ್ನಿ. ನಮ್ಮಲ್ಲಿ ಕಾಯ್ದೆ ಇಲ್ಲವೆ? ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ, ಅಸುರಕ್ಷಿತ ಆಹಾರ ಮಾರಿ ಸಾವು ತಂದವನಿಗೆ ಕನಿಷ್ಠ 7 ವರ್ಷ ಸಜೆ. ಆದರೆ ಕೇಂದ್ರದ 2020ರ ಲೇಬಲ್ ನಿಯಮ ಏನನ್ನುತ್ತದೆ? ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಇರಲೇಬೇಕಂತೆ. ಕನ್ನಡ? ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಕೊಡುವವನು ಕನ್ನಡಿಗ, ತಿನ್ನುವವನು ಕನ್ನಡಿಗ, ಎಚ್ಚರಿಕೆ ಓದಬೇಕಾದವನೂ ಕನ್ನಡಿಗ. ಅವನ ನುಡಿ ಮಾತ್ರ "ಬೇಕಾದರೆ". ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ, ಗೆಳೆಯರೆ. ಇದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಯ ಮಾತು, ಜೀವದ ಮಾತು.

ಆದ್ದರಿಂದ ಇಂದಿನಿಂದಲೇ ಶುರುಮಾಡಿ. ಊದಿದ, ಸೋರುವ, ನಜ್ಜುಗುಜ್ಜಾದ ಡಬ್ಬಿ ಮುಟ್ಟಬೇಡಿ. ಮೂಗನ್ನು ನಂಬಬೇಡಿ, ಈ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ಅನುಮಾನ ಬಂದರೆ ರುಚಿ ನೋಡಬೇಡಿ. ಡಬ್ಬಿ, ರಸೀದಿ ಎರಡನ್ನೂ ಜೋಪಾನವಾಗಿಟ್ಟು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಕನ್ನಡದಲ್ಲೇ ಕೊಡಿ. ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ಕೇಳಿ: ಈ ಡಬ್ಬಿಯ ಕೊನೆಯ ದಿನಾಂಕ ನನ್ನ ನುಡಿಯಲ್ಲಿ ಎಲ್ಲಿದೆ?

ಒಬ್ಬರು ಕೇಳಿದರೆ ನಕ್ಕಾರು. ನೂರು ಜನ ಕೇಳಿದರೆ ಅಚ್ಚು ಹಾಕಿಸಲೇಬೇಕು!