ದಡದಲ್ಲೇ ನಿಂತು

ಹಕ್ಕಿಯ ಚಿತ್ರ ತೆಗೆಯಹೊರಟವರ ತೊಂದರೆ ಹತ್ತಿರ ಹೋಗುವ ಆತುರದಿಂದಲೇ ಆರಂಭವಾಗುತ್ತದೆ. ತಾಯಿ ಬೆದರಿ ಗೂಡು ಬಿಟ್ಟೆದ್ದರೆ, ಮರಳುವವರೆಗೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಈಡು. 1999ರಲ್ಲಿ ಮಲೇಷ್ಯದ ಪಕ್ಷಿವೀಕ್ಷಕ ಲಾರೆನ್ಸ್ ಪೋ ಅವರು ಪುಟ್ಟ ಡಿಜಿಟಲ್ ಕ್ಯಾಮೆರಾವೊಂದನ್ನು ದೂರದರ್ಶಕದಲ್ಲಿ ನಾವು ಕಣ್ಣಿಡುವ ಮಸೂರಕ್ಕೆ ಹಿಡಿದು ಚಿತ್ರ ತೆಗೆದರು. ಆ ಉಪಾಯವನ್ನು ಇತರರಿಗೂ ಹಂಚಿದರು. ಇಂದು ಅದಕ್ಕೆ ಡಿಜಿಸ್ಕೋಪಿಂಗ್ ಎಂಬ ಹೆಸರು.

ಲೆಕ್ಕ ಸರಳವಾದುದು. ದೂರದರ್ಶಕವು 20 ಪಟ್ಟು ಹಿಗ್ಗಿಸಿ ತೋರಿಸುವುದಾದರೆ, 100 ಮಿಲಿಮೀಟರ್ ನಾಭಿದೂರದ ಕ್ಯಾಮೆರಾ 2000 ಮಿಲಿಮೀಟರಿನಂತೆ ಕೆಲಸ ಮಾಡುತ್ತದೆ. ಹಿಗ್ಗುವುದು ಹಕ್ಕಿಯೊಂದೇ ಅಲ್ಲವೆನ್ನಿ, ಕೈಯ ನಡುಕವೂ ಹಿಗ್ಗುತ್ತದೆ. ಆದುದರಿಂದ ಗಟ್ಟಿಯಾದ ಮುಕ್ಕಾಲಿ ಬೇಕು. ಗುಂಡಿ ಒತ್ತುವ ಬೆರಳಿನ ಅದುರೂ ತಾಗದಂತೆ ಟೈಮರನ್ನು ನಂಬುವುದು ಮೇಲು. ಜೂಮ್ ಹೆಚ್ಚಿಸದಿದ್ದರೆ ಚಿತ್ರದ ಸುತ್ತ ಕಪ್ಪು ಬಳೆ ಉಳಿಯುತ್ತದೆ; ಹೆಚ್ಚಿಸಿದರೆ ಕೆಲವು ಕ್ಯಾಮೆರಾಗಳ ಮಸೂರ ಮುಂದೆ ಚಾಚಿ ಗಾಜಿಗೆ ಗಾಜು ತಾಗುವ ಭಯ. ಈ ಅಂತರವನ್ನು ಕಾಯುವುದಕ್ಕೇ ಅಡಾಪ್ಟರ್ ಬೇಕಾಗುವುದು.

ಹಾರುವ ಹಕ್ಕಿಗೆ ಈ ವಿಧಾನ ಒಗ್ಗದು. ರಂಗನತಿಟ್ಟಿನ ಓಲಾಡುವ ದೋಣಿಯಲ್ಲಂತೂ ಇದು ಆಗದ ಮಾತು. ದಡದಲ್ಲೇ ನಿಲ್ಲಬೇಕು, ನಡುಗಡ್ಡೆಯ ಬಣ್ಣದ ಕೊಕ್ಕರೆ ಮರಿಗಳಿಗೆ ಉಣಿಸುವುದನ್ನು, ನಾವಿರುವುದು ಅದಕ್ಕೆ ತಿಳಿಯದಂತೆ, ಸಾವಧಾನವಾಗಿ ಹಿಡಿಯಬೇಕು.