ಹತ್ತನೇ ತರಗತಿಗೆ ಮನುಷ್ಯ ಮುಗಿಯುವುದಿಲ್ಲ



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಇಂದು ನನ್ನ ಮಾತು ಕಂಪ್ಯೂಟರ್ ಬಗ್ಗೆ ಅಲ್ಲ, ಮನುಷ್ಯ ಬೆಳೆಯುವ ಬಗೆಯ ಬಗ್ಗೆ.

ನಮ್ಮ ಕಡೆ ಹತ್ತನೇ ತರಗತಿಯ ಫಲಿತಾಂಶ ಬಂದ ದಿನವೇ ಮಕ್ಕಳ ಹಣೆಬರಹ ಬರೆದುಬಿಡುತ್ತೇವೆ. ಪಾಸಾದವರು ಜಾಣರು, ಫೇಲಾದವರು ದಡ್ಡರು. ಫೇಲಾದ ಹುಡುಗ ಹೈದರಾಬಾದಿಗೆ ದುಡಿಯಲು ಹೋಗಬೇಕು, ಹುಡುಗಿಗೆ ಗಂಡು ನೋಡಬೇಕು. ಮನಃಶಾಸ್ತ್ರ ಹೇಳುವುದೇ ಬೇರೆ.

ಎರಿಕ್ ಎರಿಕ್‌ಸನ್ ಎಂಬ ಮನಃಶಾಸ್ತ್ರಜ್ಞರು 1950ರಲ್ಲಿ ಹೊರತಂದ ಪುಸ್ತಕದಲ್ಲಿ ಮನುಷ್ಯನ ಬದುಕನ್ನು ಎಂಟು ಹಂತಗಳಲ್ಲಿ ವಿವರಿಸಿದರು. ಹರೆಯದ ಹಂತದ ಮುಖ್ಯ ಪ್ರಶ್ನೆ 'ನಾನು ಯಾರು?' ಎಂಬುದು. ಇಂದು ಪೊಲೀಸ್ ಆಗುತ್ತೇನೆ ಎನ್ನುವ ಹುಡುಗ ನಾಳೆ ಮೇಷ್ಟ್ರಾಗುತ್ತೇನೆ ಎನ್ನುತ್ತಾನೆ. ಅದು ಹುಡುಗಾಟವಲ್ಲ, ಹುಡುಕಾಟ. ಅದಕ್ಕೆ ಸಮಾಜ ಸ್ವಲ್ಪ ಕಾಲಾವಕಾಶ ಕೊಡಬೇಕು ಎಂದರು ಎರಿಕ್‌ಸನ್. ಸ್ವತಃ ಅವರೇ ಶಾಲೆ ಮುಗಿಸಿದ ಮೇಲೆ ಚಿತ್ರ ಬಿಡಿಸುತ್ತಾ ಕೆಲವು ವರ್ಷ ಯುರೋಪಿನಲ್ಲಿ ಅಲೆದವರು. ವಿಶ್ವವಿದ್ಯಾಲಯದ ಪದವಿ ಇಲ್ಲದೆಯೇ ಮುಂದೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು.

ಮುಂದಾಲೋಚನೆ ಮಾಡುವ, ಸಿಟ್ಟು-ಆವೇಶಗಳಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹದಿನಾರಕ್ಕೇ ಮಗುವಿನ ಯೋಗ್ಯತೆ ಅಳೆಯುವುದು ತೊಗರಿ ಹೂ ಬಿಟ್ಟಾಗಲೇ ರಾಶಿಯ ಲೆಕ್ಕ ಹಾಕಿದಂತೆ.

ಇಪ್ಪತ್ತು ದಾಟಿದ ಮೇಲೆ ಇನ್ನೊಂದು ಪ್ರಶ್ನೆ: 'ನನ್ನವರು ಯಾರು?' ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ನಮಗೆಲ್ಲ ಇದು ಗೊತ್ತು. ಸಂಬಳ ಬಂದರೂ ರೂಮಿನಲ್ಲಿ ಮಾತನಾಡಲು ಜನವಿಲ್ಲ. ಗೆಳೆತನ, ದಾಂಪತ್ಯ ಗಟ್ಟಿಯಾಗಬೇಕಾದ ವಯಸ್ಸು ಅದು.

ಅದಾದ ಮೇಲೆ ನಡುವಯಸ್ಸಿನ ಪ್ರಶ್ನೆ: 'ಮುಂದಿನವರಿಗೆ ಏನು ಮಾಡಿದೆ?' ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ಕಮಲನಗರದಲ್ಲಿ 1890ರಲ್ಲಿ ಹುಟ್ಟಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯೋಣ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಮಠಕ್ಕೆ ಬಂದ ಬಡಮಕ್ಕಳಿಗೆ ಅನ್ನ, ಅಕ್ಷರ ಎರಡೂ ಕೊಟ್ಟರು. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಬದುಕು ಮುಂದಿನವರದ್ದೇ ಆಗಿತ್ತು.

ನಾವೆಲ್ಲ ಈಗ ಮೂವತ್ತು ದಾಟಿದವರು. ಆ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ಶಾಲೆಗೆ ಪೇಂಟು, ಕಂಪ್ಯೂಟರು ಕೊಡೋಣ, ಸರಿ. ಅದರ ಜೊತೆಗೆ ಒಬ್ಬೊಬ್ಬರು ಹತ್ತನೇ ತರಗತಿಯ ಒಂದೊಂದು ಮಗುವಿನೊಡನೆ, ಗುರುಗಳಿಗೂ ಮನೆಯವರಿಗೂ ತಿಳಿಸಿ, ತಿಂಗಳಿಗೊಮ್ಮೆ ಫೋನಿನಲ್ಲಾದರೂ ಮಾತಾಡೋಣ. ಅಂಕ ಕೇಳುವ ಮೊದಲು 'ಹೇಗಿದ್ದೀಯಪ್ಪ, ಹೇಗಿದ್ದೀಯವ್ವ' ಎಂದು ಕೇಳೋಣ.

ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಫೇಲಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಕಾನೂನಿಗೂ ವಿರುದ್ಧ, ಅವಳ ಹುಡುಕಾಟಕ್ಕೂ ವಿರುದ್ಧ. ಮಗು ಮಂಕಾಗಿ ಕೂತರೆ ಗದರಿಸಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳೇ, ಅಂಕಪಟ್ಟಿ ನೀವು ಒಂದು ವರ್ಷ ಬರೆದ ಪರೀಕ್ಷೆಯ ಲೆಕ್ಕ, ಅಷ್ಟೇ. ನೀವು ಯಾರು ಎಂಬುದನ್ನು ತಿಳಿಯಲು ಇನ್ನೂ ಬೇಕಾದಷ್ಟು ವರ್ಷಗಳಿವೆ. ಓದಿ, ಬಿದ್ದರೆ ಏಳಿ, ಸಂಕಟವಾದರೆ ಬಾಯಿಬಿಟ್ಟು ಹೇಳಿ. ಕೇಳಲು ನಾವಿದ್ದೇವೆ.