ಠಾಣೆಯ ಮೆಟ್ಟಿಲು ಮತ್ತು ನಮ್ಮ ಹೊಣೆ



ಪೊಲೀಸ್ ಠಾಣೆಗೆ ಹೋಗಬೇಕಾದಾಗ ನಾವು ಮೊದಲು ಹುಡುಕುವುದು ಪರಿಚಯದ ಪುಢಾರಿಯನ್ನು. ದೂರುದಾರನಿಗೂ ಅವನೇ ಬೇಕು, ಆರೋಪಿಗೂ ಅವನೇ ಬೇಕು. ಅಧಿಕಾರಿಯ ವರ್ಗಾವಣೆಯೂ ಅವನ ಕೈಯಲ್ಲೇ ಇರುವಲ್ಲಿ ಕಾನೂನಿನ ಮಾತು ನಡೆಯುವುದಾದರೂ ಹೇಗೆ?

ಈ ರೋಗಕ್ಕೆ ಮದ್ದು ಹುಡುಕಿ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋದರು. 2006ರ ಸೆಪ್ಟೆಂಬರ್ 22ರಂದು ನ್ಯಾಯಾಲಯವು ಏಳು ನಿರ್ದೇಶನಗಳನ್ನು ನೀಡಿತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ತನಿಖೆಗೆ ಪ್ರತ್ಯೇಕ ಸಿಬ್ಬಂದಿ, ಪೊಲೀಸರ ವಿರುದ್ಧದ ದೂರು ಆಲಿಸಲು ಪ್ರಾಧಿಕಾರ ಅವುಗಳಲ್ಲಿ ಸೇರಿದ್ದವು. ಕರ್ನಾಟಕವು 2012ರ ತಿದ್ದುಪಡಿಯಲ್ಲಿ ಈ ಪ್ರಾಧಿಕಾರಕ್ಕೆ ಅವಕಾಶ ಕಲ್ಪಿಸಿತು. ನಮ್ಮಲ್ಲೆಷ್ಟು ಮಂದಿ ಅದರ ಹೆಸರು ಕೇಳಿದ್ದೇವೆ?

ವೃತ್ತಿಧರ್ಮವೆಂದರೇನು ಎಂಬುದಕ್ಕೆ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. 1987ರ ಮೇ 22ರಂದು ಮೀರತ್‌ನ ಹಾಶಿಂಪುರದಿಂದ ಮುಸ್ಲಿಮ್ ಪುರುಷರನ್ನು ಪಿಎಸಿ ಪಡೆಯವರು ಲಾರಿಯಲ್ಲಿ ಒಯ್ದು ಗುಂಡಿಕ್ಕಿ ಕಾಲುವೆಗೆಸೆದರು. ಸಮವಸ್ತ್ರದವರ ವಿರುದ್ಧ ಮೊಕದ್ದಮೆ ದಾಖಲಿಸಲು ಮುಂದಾದವರೂ ಸಮವಸ್ತ್ರದವರೇ: ಆಗ ಗಾಝಿಯಾಬಾದ್‌ನ ಎಸ್‌ಪಿಯಾಗಿದ್ದ ವಿಭೂತಿ ನಾರಾಯಣ ರಾಯ್. ಅವರು ನಮ್ಮ ಸಮುದಾಯದವರಲ್ಲ. 16 ಮಂದಿಗೆ ದಿಲ್ಲಿ ಹೈಕೋರ್ಟ್ ಶಿಕ್ಷೆ ವಿಧಿಸಿದ್ದು 2018ರಲ್ಲಿ. ನ್ಯಾಯಕ್ಕೆ 31 ವರ್ಷ! ಅಂದು ದೂರೇ ದಾಖಲಾಗದಿದ್ದರೆ ಇಷ್ಟೂ ದೊರೆಯುತ್ತಿರಲಿಲ್ಲವೇನೋ.

ಬಂಧಿಸಲು ಬಂದವರು ಹೆಸರಿನ ಬಿಲ್ಲೆ ಧರಿಸಿರಬೇಕು, ಬಂಧನ ಪತ್ರಕ್ಕೆ ಮನೆಯವರು ಅಥವಾ ನೆರೆಯ ಗಣ್ಯರೊಬ್ಬರು ಸಾಕ್ಷಿಯಾಗಬೇಕು, ಕಸ್ಟಡಿಯಲ್ಲಿರುವವರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ನಡೆಯಬೇಕು. ಇವು 1996ರ ಡಿ.ಕೆ. ಬಸು ತೀರ್ಪಿನ ಮಾತುಗಳು. ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿತು. ಪ್ರಾಮಾಣಿಕ ಪೇದೆಗೂ ಆ ಕ್ಯಾಮರಾ ರಕ್ಷಣೆಯೇ. ಆತನೂ ಬಳಲಿದ್ದಾನೆ, 2016ರಲ್ಲಿ ನಮ್ಮ ರಾಜ್ಯದ ಪೇದೆಗಳು ರಜೆ, ವೇತನಗಳಿಗಾಗಿ ಸಾಮೂಹಿಕ ರಜೆಯ ಎಚ್ಚರಿಕೆ ನೀಡಿದ್ದನ್ನು ಮರೆಯಬಾರದು.

ಇನ್ನು ನಮ್ಮತ್ತ ನೋಡೋಣ. ಐಪಿಎಸ್‌ನಲ್ಲಿ ಮುಸ್ಲಿಮರ ಪಾಲು ಶೇ. 4 ಎಂದು 2006ರ ಸಾಚಾರ್ ವರದಿ ತಿಳಿಸಿತು. ತಾರತಮ್ಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪೊಲೀಸ್ ಕೆಲಸವೆಂದರೆ ಹರಾಮ್ ಸಂಪಾದನೆಯೆಂದು ಮಕ್ಕಳನ್ನು ತಡೆದವರು ನಮ್ಮ ಹಿರಿಯರಲ್ಲೂ ಇದ್ದರು. ಸ್ವಂತ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಕುರ್‌ಆನ್ (4:135) ಆದೇಶಿಸುವಾಗ, ಆ ಸಾಕ್ಷ್ಯ ನುಡಿಯಬೇಕಾದ ಕುರ್ಚಿಯನ್ನು ನಾವೇ ಖಾಲಿ ಬಿಟ್ಟಿದ್ದೇವೆ. ಪಿಯುಸಿ ಮುಗಿಸಿದ ಮಗನೋ ಮಗಳೋ ಇರುವ ಮನೆಯವರು ಸಭೆಯ ಬಳಿಕ ದಯವಿಟ್ಟು ಉಳಿಯಿರಿ. ಪೇದೆ ನೇಮಕಾತಿಯ ಪರೀಕ್ಷೆ ಮತ್ತು ದೈಹಿಕ ತಯಾರಿಯ ಕುರಿತು ಕುಳಿತು ಮಾತನಾಡೋಣ.